ಪದ ಪರಿಚಯ: ಕವಲು

ಕವಲು

2025ರ ಜೂನ್‌ನಲ್ಲಿ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯಿಂದ ಹೃದಯಾಘಾತದ ಸಾವಿನ ಸುದ್ದಿಗಳು ಒಂದರ ಹಿಂದೊಂದು ಬಂದಾಗ ಹೃದಯದ ರಕ್ತನಾಳದ ‘ಬ್ಲಾಕ್’ ಎಂಬ ಮಾತು ಮನೆಮನೆಯಲ್ಲೂ ಕೇಳಿಸಿತು. ಅದರ ಜೊತೆಗೆ ತಿಳಿದಿರಬೇಕಾದ ಪದ ಕವಲು.

ಹಳಗನ್ನಡದಲ್ಲಿ ‘ಕವಲ್’ ಎಂದರೆ ಇಬ್ಭಾಗವಾದ ಕೊಂಬೆ. ಎರಡು ಮೊನೆಯ ಬಾಣ ಕವಲಂಬು. ತಮಿಳಿನ ‘ಕವೈ’, ಮಲಯಾಳದಲ್ಲಿ ದಾರಿ ಕೂಡುವ ‘ಕವಲ’, ಅವಳಿಗಳಿಗೆ ತೆಲುಗರು ಹೇಳುವ ‘ಕವಲಲು’ ಇದರ ನೆಂಟರು. ಅಮೃತಮಹಲ್ ದನಗಳು ಮೇಯುವ ‘ಕಾವಲು’ ಮಾತ್ರ ಬೇರೆ. ಅದು ‘ಕಾಯ್’ ಧಾತುವಿನದು. ಎರಡನ್ನೂ ಬೆರೆಸಬಾರದು.

ಗೊರೂರಿನ ಹೇಮಾವತಿ ಅಣೆಕಟ್ಟೆಯ ನಾಲೆಗಳು ಕವಲೊಡೆದು ಹೊಲ ಸೇರುವಂತೆ ಹೃದಯದ ಧಮನಿಗಳೂ ಕವಲೊಡೆಯುತ್ತವೆ. ಅವುಗಳ ನಡುವೆ ಹುಟ್ಟಿನಿಂದಲೇ ಸಣ್ಣ ಕೊಂಡಿನಾಳಗಳಿರುತ್ತವೆ. ಮುಖ್ಯ ಧಮನಿ ನಿಧಾನವಾಗಿ ಕಿರಿದಾದರೆ ಅದರಾಚೆ ಒತ್ತಡ ಇಳಿಯುತ್ತದೆ. ರಕ್ತ ಈ ಕೊಂಡಿನಾಳಗಳ ಕವಲುದಾರಿ ಹಿಡಿಯುತ್ತದೆ, ತಿಂಗಳುಗಳಲ್ಲಿ ಅದು ಹಿಗ್ಗುತ್ತದೆ. ನಾಲಿಗೆಯಡಿ ಇಡುವ ನೈಟ್ರೋಗ್ಲಿಸರಿನ್ ದೊಡ್ಡ ಧಮನಿಗಳನ್ನೂ ಈ ಕವಲುಗಳನ್ನೂ ಸಡಿಲಿಸುತ್ತದೆ. ಡೈಪಿರಿಡಮೋಲ್ ಎಂಬ ಔಷಧ ಮಾತ್ರ ಆರೋಗ್ಯವಂತ ಭಾಗದ ಸಣ್ಣ ನಾಳಗಳನ್ನು ಹಿಗ್ಗಿಸಿ, ಬಳಲಿದ ಭಾಗಕ್ಕೆ ಹೋಗಬೇಕಾದ ರಕ್ತವನ್ನು ಅತ್ತ ಸೆಳೆಯಬಲ್ಲದು. ಮೇಲಿನ ಗದ್ದೆಯವರು ತೂಬು ಪೂರ್ತಿ ತೆರೆದರೆ ಕೊನೆಯ ಗದ್ದೆ ಒಣಗುವ ಹಾಗೆ.

ಧಮನಿ ದಿಢೀರನೆ ಕಟ್ಟಿಕೊಂಡರೆ ಕವಲಿಗೆ ಬೆಳೆಯಲು ಹೊತ್ತೇ ಇರುವುದಿಲ್ಲ. ಎದೆ ಹಿಂಡಿದಂತಾದರೆ ‘ಗ್ಯಾಸು’ ಎಂದು ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೊರಡಿ.