ಮೀನುಗಾರಿಕೆ ದೋಣಿಗಳ ವಿದ್ಯುತ್ ಮೋಟಾರು: ಬ್ಯಾಟರಿ ಇರಿಸುವಿಕೆ ಮತ್ತು ವೈರಿಂಗ್ ಕುರಿತು ಅರ್ಜಿದಾರರಿಗೆ ಮಾಹಿತಿ

ಜಲಾಶಯ ಹಾಗೂ ದೊಡ್ಡ ಕೆರೆಗಳಲ್ಲಿ ಮೀನು ಹಿಡಿಯುವ ಸಣ್ಣ ಫೈಬರ್ ದೋಣಿಗಳಿಗೆ ಬ್ಯಾಟರಿಯಿಂದ ನಡೆಯುವ ವಿದ್ಯುತ್ ಮೋಟಾರನ್ನು ಅಳವಡಿಸಿಕೊಳ್ಳಲು ಇಚ್ಛಿಸುವ ಮೀನುಗಾರರು ಮತ್ತು ಮೀನುಗಾರರ ಸಹಕಾರ ಸಂಘಗಳ ಸದಸ್ಯರ ಮಾಹಿತಿಗಾಗಿ ಈ ಪುಟವನ್ನು ಸಿದ್ಧಪಡಿಸಲಾಗಿದೆ. ಇದು ಯಾವುದೇ ಸಹಾಯಧನ ಯೋಜನೆಯ ಪ್ರಕಟಣೆಯಲ್ಲ. ಸಾಲಕ್ಕಾಗಲಿ, ಸಹಾಯಧನಕ್ಕಾಗಲಿ ಅರ್ಜಿ ಸಲ್ಲಿಸುವ ಮುನ್ನ ಮಾರಾಟಗಾರರಿಂದ ದರಪಟ್ಟಿ ಪಡೆಯುವಾಗ ಗಮನಿಸಬೇಕಾದ ಅಂಶಗಳನ್ನು ಮಾತ್ರ ಇಲ್ಲಿ ವಿವರಿಸಲಾಗಿದೆ.

ಈ ಯಂತ್ರಕ್ಕೆ ಮಾರುಕಟ್ಟೆಯಲ್ಲಿ ಟ್ರೋಲಿಂಗ್ ಮೋಟಾರ್ ಎಂಬ ಹೆಸರಿದೆ. ಕರಾವಳಿಯ ಟ್ರಾಲ್ ಬಲೆಯ ದೋಣಿಗೂ ಇದಕ್ಕೂ ಸಂಬಂಧವಿಲ್ಲ. ಅರ್ಜಿಯಲ್ಲಿ ಒಂದರ ಬದಲು ಇನ್ನೊಂದನ್ನು ಬರೆದರೆ ಕಡತವು ಅನ್ಯ ವಿಷಯದ ಶಾಖೆಗೆ ಹೋಗಿ ವೃಥಾ ವಿಳಂಬವಾಗುತ್ತದೆ. ಆದುದರಿಂದ "ಬ್ಯಾಟರಿ ಚಾಲಿತ ವಿದ್ಯುತ್ ಮೋಟಾರು" ಎಂದೇ ನಮೂದಿಸುವುದು ಒಳಿತು.

ದರಪಟ್ಟಿಯಲ್ಲಿ ಬಿಟ್ಟುಹೋಗುವ ಬಾಬ್ತುಗಳು

ದರಪಟ್ಟಿಗಳಲ್ಲಿ ಮೋಟಾರಿನ ಬೆಲೆ, ಬ್ಯಾಟರಿಯ ಬೆಲೆ ಮತ್ತು ಸಾಗಾಣಿಕೆ ವೆಚ್ಚ ತಪ್ಪದೆ ಇರುತ್ತವೆ. ತಂತಿ, ಫ್ಯೂಸ್, ತಾಮ್ರದ ಲಗ್ಗು, ಬ್ಯಾಟರಿ ಪೆಟ್ಟಿಗೆ ಇವು ಬಹುಮಟ್ಟಿಗೆ ಇರುವುದಿಲ್ಲ. ಮಂಜೂರಾದ ಹಣ ಮುಗಿದ ಮೇಲೆ, ಮನೆ ಕಟ್ಟಿಸಿದಾಗ ಉಳಿದ ತಂತಿಯನ್ನೇ ದೋಣಿಗೆ ಜೋಡಿಸಲಾಗುತ್ತದೆ. ತೊಂದರೆ ಆರಂಭವಾಗುವುದು ಇಲ್ಲಿಯೇ.

ಮನೆಯ ಸೀಲಿಂಗ್ ಫ್ಯಾನು 230 ವೋಲ್ಟಿನಲ್ಲಿ ಅರ್ಧ ಆಂಪಿಯರಿಗಿಂತ ಕಡಿಮೆ ವಿದ್ಯುತ್ತನ್ನು ಎಳೆಯುತ್ತದೆ. 12 ವೋಲ್ಟಿನ, 55 ಪೌಂಡ್ ಅಂದರೆ ಸುಮಾರು 25 ಕಿಲೋಗ್ರಾಂ ನೂಕುಬಲದ ಮೋಟಾರು ಪೂರ್ಣ ವೇಗದಲ್ಲಿ ಸುಮಾರು 50 ಆಂಪಿಯರ್ ಎಳೆಯುತ್ತದೆ. ವೋಲ್ಟ್ ಕಡಿಮೆ ಇರುವುದರಿಂದ ಅಪಾಯವಿಲ್ಲವೆಂಬ ತಿಳುವಳಿಕೆ ಸರಿಯಲ್ಲ. ತಂತಿಯನ್ನು ಬಿಸಿ ಮಾಡುವುದು ವೋಲ್ಟ್ ಅಲ್ಲ, ಆಂಪಿಯರ್.

ಲೆಕ್ಕ ಹೀಗಿದೆ. ಬ್ಯಾಟರಿಗೂ ಮೋಟಾರಿಗೂ 4 ಮೀಟರ್ ಅಂತರವಿದ್ದಲ್ಲಿ, ಹೋಗುವ ಮತ್ತು ಬರುವ ತಂತಿ ಸೇರಿ ಒಟ್ಟು 8 ಮೀಟರ್ ಎಂದು ಪರಿಗಣಿಸತಕ್ಕದ್ದು. ಒಂದೇ ಕಡೆಯ ಉದ್ದವನ್ನು ಮಾತ್ರ ಹಿಡಿಯುವುದು ಸಾಮಾನ್ಯವಾಗಿ ಆಗುವ ತಪ್ಪು. 4 ಚದರ ಮಿ.ಮೀ. ತಾಮ್ರದ ತಂತಿಯಲ್ಲಿ 50 ಆಂಪಿಯರ್ ಹರಿದಾಗ ಸುಮಾರು 1.75 ವೋಲ್ಟ್ ದಾರಿಯಲ್ಲೇ ನಷ್ಟವಾಗಿ, ಸುಮಾರು 87 ವ್ಯಾಟ್‌ನಷ್ಟು ಶಕ್ತಿ ತಂತಿಯ ಬಿಸಿಯಾಗುತ್ತದೆ. 16 ಚದರ ಮಿ.ಮೀ. ತಂತಿಯಲ್ಲಿ ಈ ನಷ್ಟ ಸುಮಾರು 0.44 ವೋಲ್ಟಿಗೂ, 25 ಚದರ ಮಿ.ಮೀ. ತಂತಿಯಲ್ಲಿ 0.28 ವೋಲ್ಟಿಗೂ ಇಳಿಯುತ್ತದೆ. ನಷ್ಟವು ಶೇಕಡ 3ರ ಒಳಗಿರಬೇಕೆಂದು ಬಯಸುವವರು 25 ಚದರ ಮಿ.ಮೀ. ತಂತಿಯನ್ನೇ ದರಪಟ್ಟಿಯಲ್ಲಿ ಕೇಳಬೇಕು. ಬಹು ಎಳೆಯ, ಬಾಗುವ, ಸಾಧ್ಯವಿದ್ದಲ್ಲಿ ತವರ ಲೇಪಿತ ತಾಮ್ರದ ತಂತಿ ಉತ್ತಮ. ಅಲ್ಯೂಮಿನಿಯಂ ತಂತಿ ಬೇಡ. ತುದಿಗಳಿಗೆ ಲಗ್ಗನ್ನು ಒತ್ತುಯಂತ್ರದಿಂದ ಒತ್ತಿಸಬೇಕು. ತಂತಿಯನ್ನು ಧ್ರುವಕ್ಕೆ ಕೈಯಿಂದ ಸುತ್ತಿ ಬಿಡುವುದು ಬೆಂಕಿಗೆ ಆಹ್ವಾನ. ದೋಣಿಯಲ್ಲಿ ಬೆಂಕಿ ಹತ್ತಿದರೆ ಓಡಿಹೋಗಲು ಸ್ಥಳವಿರುವುದಿಲ್ಲ.

ಫ್ಯೂಸ್ ಇರುವುದು ಮೋಟಾರಿನ ರಕ್ಷಣೆಗಿಂತ ಮುಖ್ಯವಾಗಿ ತಂತಿಯ ರಕ್ಷಣೆಗೆ. ಸೀಸ-ಆಮ್ಲ ಬ್ಯಾಟರಿಯ ಎರಡು ಧ್ರುವಗಳು ನೇರವಾಗಿ ಕೂಡಿದಲ್ಲಿ ಸಾವಿರ ಆಂಪಿಯರ್ ಮೀರಿ ಹರಿಯಬಲ್ಲದು. ಆದ್ದರಿಂದ ಫ್ಯೂಸ್ ಅಥವಾ ಬ್ರೇಕರನ್ನು ಬ್ಯಾಟರಿಯ ಧನ ಧ್ರುವದ ಸಮೀಪದಲ್ಲೇ, ಸಾಧ್ಯವಾದಷ್ಟೂ 7 ಅಂಗುಲದೊಳಗೆ, ಇರಿಸತಕ್ಕದ್ದು. ಮೋಟಾರಿನ ಬಳಿ ಇರಿಸಿದರೆ ನಡುವಿನ ತಂತಿ ಅನಾಥವಾಗುತ್ತದೆ. ಮೇಲಿನ ಮೋಟಾರಿಗೆ 60 ಆಂಪಿಯರ್ ಬ್ರೇಕರ್ ರೂಢಿಯಲ್ಲಿದೆ. ಆದರೂ ತಯಾರಕರ ಕೈಪಿಡಿಯೇ ಅಂತಿಮ. ಮನೆಯ ಎ.ಸಿ. ಫಲಕದ ಎಂ.ಸಿ.ಬಿ.ಯನ್ನು ಬಳಸಬಾರದು. ಡಿ.ಸಿ. ವಿದ್ಯುತ್ತಿನ ಕಿಡಿ ತಾನಾಗಿ ಆರುವುದಿಲ್ಲವಾದುದರಿಂದ ಡಿ.ಸಿ. ಸಾಮರ್ಥ್ಯ ಮುದ್ರಿತವಾಗಿರುವ ಬ್ರೇಕರನ್ನೇ ಕೊಳ್ಳಬೇಕು.

ಬ್ಯಾಟರಿಯ ಸ್ಥಾನ

ಹಿಂಬದಿಗೆ ಮೋಟಾರು ಕಟ್ಟಿದ ದೋಣಿಯಲ್ಲಿ ತಂತಿ ಉಳಿಸುವ ಸಲುವಾಗಿ ಬ್ಯಾಟರಿಯನ್ನೂ ಹಿಂಬದಿಯಲ್ಲೇ ಇಡುವ ರೂಢಿ ಇದೆ. ಮೋಟಾರು, ಅದನ್ನು ನಡೆಸುವವರು, ಬ್ಯಾಟರಿ ಈ ಮೂರೂ ಭಾರ ಹಿಂದೆ ಬಿದ್ದಾಗ ಮೂತಿ ಮೇಲೇರಿ ಹಿಂಬದಿಯ ಹಲಗೆ ನೀರಿನ ಸಮೀಪಕ್ಕೆ ಇಳಿಯುತ್ತದೆ. ಲಿಂಗನಮಕ್ಕಿ, ತುಂಗಭದ್ರಾದಂತಹ ವಿಶಾಲ ಜಲಾಶಯಗಳಲ್ಲಿ ಆಷಾಢದ ಗಾಳಿಗೆ ಏಳುವ ಅಲೆ ಒಳನುಗ್ಗುವುದು ಅಲ್ಲಿಂದಲೇ. ಬ್ಯಾಟರಿಯನ್ನು ದೋಣಿಯ ಮಧ್ಯರೇಖೆಯಲ್ಲಿ, ಮಧ್ಯಭಾಗದಲ್ಲಿ ಅಥವಾ ತುಸು ಮುಂದೆ, ತಳಕ್ಕೆ ಸಮೀಪವಾಗಿ ಇಡುವುದು ಸೂಕ್ತ. ಹೀಗೆ ಮಾಡಿದರೆ ತಂತಿ ಉದ್ದವಾಗುತ್ತದೆ. ದಪ್ಪ ತಂತಿಯ ಖರ್ಚು ಬರುವುದು ಈ ಕಾರಣದಿಂದ. ಈ ಖರ್ಚನ್ನು ಉಳಿತಾಯದ ಬಾಬ್ತೆಂದು ಎಣಿಸಬಾರದು.

ಇನ್ವರ್ಟರಿಗೆ ಬಳಸುವ 150 ಆಂಪಿಯರ್-ಗಂಟೆಯ ಟ್ಯೂಬುಲರ್ ಬ್ಯಾಟರಿ 50 ಕಿಲೋಗ್ರಾಂ ಮೀರಿ ತೂಗುತ್ತದೆ. ಅಂದರೆ ಒಬ್ಬ ಆಳಿನ ಭಾರ. ದೋಣಿ ವಾಲಿದಾಗ ಮನುಷ್ಯ ಎದುರು ಬದಿಗೆ ಸರಿಯುತ್ತಾನೆ. ಕಟ್ಟದ ಬ್ಯಾಟರಿ ವಾಲಿದ ಬದಿಗೇ ಜಾರುತ್ತದೆ. ಆದ್ದರಿಂದ ಮುಚ್ಚಳವಿರುವ, ಗಾಳಿಯಾಡುವ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನು ತಳದ ಹಲಗೆಗೆ ಪಟ್ಟಿಯಿಂದ ಬಿಗಿಯತಕ್ಕದ್ದು.

ಬ್ಯಾಟರಿಯ ಆಯ್ಕೆ

ವಾಹನದ ಸ್ಟಾರ್ಟರ್ ಬ್ಯಾಟರಿ ಈ ಕೆಲಸಕ್ಕೆ ಅಲ್ಲ; ಪದೇ ಪದೇ ಪೂರ್ತಿ ಖಾಲಿಯಾದರೆ ಬೇಗ ಕೆಡುತ್ತದೆ. ಸೀಸ-ಆಮ್ಲ ಬ್ಯಾಟರಿಯ ಮೇಲಿನ 100 ಆಂಪಿಯರ್-ಗಂಟೆ ಎಂಬ ಅಂಕಿ ಸಾಮಾನ್ಯವಾಗಿ 20 ಗಂಟೆಗಳ ನಿಧಾನ ಬಳಕೆಯ ಲೆಕ್ಕ. ಆಯುಷ್ಯದ ದೃಷ್ಟಿಯಿಂದ ಅದರಲ್ಲಿ ಅರ್ಧವನ್ನಷ್ಟೇ ಬಳಸಬೇಕಾದ್ದರಿಂದ ಪೂರ್ಣ ವೇಗದಲ್ಲಿ ಒಂದು ಗಂಟೆಯೂ ದೊರೆಯದು. ನಿಧಾನವಾಗಿ ಸಾಗಿದರೆ ಹಲವು ಪಟ್ಟು ಹೆಚ್ಚು ಸಮಯ ಸಿಗುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಅರ್ಧಕ್ಕಿಂತ ಕಡಿಮೆ ತೂಗುತ್ತದೆ. ಬೆಲೆ ಹೆಚ್ಚು, ಚಾರ್ಜರ್ ಬೇರೆ. ಅದು ಖಾಲಿಯಾದಾಗ ಮುನ್ಸೂಚನೆ ಹೆಚ್ಚಿಲ್ಲದೆ ಥಟ್ಟನೆ ನಿಲ್ಲುತ್ತದೆ. ಯಾವ ಬ್ಯಾಟರಿಯಾದರೂ ಹುಟ್ಟು ದೋಣಿಯಲ್ಲಿರಲೇಬೇಕು.

24 ವೋಲ್ಟಿನ ಮೋಟಾರಿಗೆ ಒಂದೇ ತಯಾರಿಕೆಯ, ಒಂದೇ ವಯಸ್ಸಿನ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಬೇಕು: ಒಂದರ ಧನಕ್ಕೆ ಇನ್ನೊಂದರ ಋಣ, ಉಳಿದೆರಡು ಧ್ರುವಗಳು ಮೋಟಾರಿಗೆ. ಬಿಚ್ಚುವಾಗ ಋಣ ಮೊದಲು, ಜೋಡಿಸುವಾಗ ಋಣ ಕೊನೆಗೆ. ಸೀಸ-ಆಮ್ಲ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಬಿಡುವುದರಿಂದ ದಡದಲ್ಲಿ, ತೆರೆದ ಜಾಗದಲ್ಲಿ, ಬೀಡಿ-ಬೆಂಕಿಯಿಂದ ದೂರವಿಟ್ಟು ಚಾರ್ಜ್ ಮಾಡತಕ್ಕದ್ದು.

ಹಳೆಯ ಬ್ಯಾಟರಿಯನ್ನು ಕೆರೆಯಂಗಳದಲ್ಲಿ ಎಸೆಯುವಂತಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳನ್ವಯ ಅದನ್ನು ಪ್ರತ್ಯೇಕವಾಗಿರಿಸಿ ಸಂಗ್ರಹಣೆ ಅಥವಾ ಮರುಬಳಕೆ ಮಾಡುವವರಿಗೆ ಒಪ್ಪಿಸಬೇಕು.

ದರಪಟ್ಟಿಯಲ್ಲಿ ತಂತಿಯ ಅಡ್ಡಕೊಯ್ತ ಮತ್ತು ಉದ್ದ, ಬ್ರೇಕರಿನ ಆಂಪಿಯರ್, ಲಗ್ಗು, ಪೆಟ್ಟಿಗೆ, ಪಟ್ಟಿ ಹಾಗೂ ಜೋಡಣಾ ಶುಲ್ಕವನ್ನು ಪ್ರತ್ಯೇಕ ಸಾಲುಗಳಲ್ಲಿ ನಮೂದಿಸಿಕೊಂಡು ಮಾರಾಟಗಾರರ ಸಹಿ ಪಡೆಯುವುದು. ಹೆಚ್ಚಿನ ವಿವರಗಳಿಗೆ ಆಯಾ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಛೇರಿಯನ್ನು ಕಛೇರಿ ವೇಳೆಯಲ್ಲಿ ಸಂಪರ್ಕಿಸಬಹುದು.