ಬೆಕ್ಕಿನ ಪಾಲಿನ ಒಂದು ಪೆನ್ನಿ

1868ರಲ್ಲಿ ಲಂಡನ್ನಿನ ಅಂಚೆ ಇಲಾಖೆಯ ಮನಿಯಾರ್ಡರ್ ಕಚೇರಿಗೆ ಇಲಿಗಳ ಕಾಟ ಹತ್ತಿತ್ತು. ಮೂರು ಬೆಕ್ಕು ಸಾಕಲು ವಾರಕ್ಕೆ ಎರಡು ಶಿಲ್ಲಿಂಗ್ ಬೇಕೆಂದು ಕಚೇರಿಯವರು ಕೇಳಿದರು. ಮೇಲಧಿಕಾರಿ ಮಂಜೂರು ಮಾಡಿದ್ದು ಒಂದೇ ಶಿಲ್ಲಿಂಗ್. ಮಿಕ್ಕ ಹೊಟ್ಟೆಪಾಡನ್ನು ಬೆಕ್ಕುಗಳು ಇಲಿ ಹಿಡಿದೇ ನೋಡಿಕೊಳ್ಳಬೇಕು, ಆರು ತಿಂಗಳೊಳಗೆ ಇಲಿಗಳು ಕಡಿಮೆಯಾಗದಿದ್ದರೆ ಭತ್ಯೆಗೂ ಕತ್ತರಿ ಎಂಬ ಷರತ್ತು ಬೇರೆ. 1929ರಲ್ಲಿ ಅದೇ ನಗರದ ಗೃಹ ಇಲಾಖೆ ತನ್ನ ಕಚೇರಿಯ ಬೆಕ್ಕಿಗೆ ದಿನಕ್ಕೊಂದು ಪೆನ್ನಿ ಗೊತ್ತುಮಾಡಿತು. ಅಲ್ಲೂ ಬೆಕ್ಕು ಕೆಲಸದಲ್ಲಿ ಸಮರ್ಥವಾಗಿರಬೇಕಿತ್ತು.

ಇಂಥ ಟಿಪ್ಪಣಿಗಳನ್ನು ಓದುವಾಗ ನಗು ಬರುವುದು ಸಹಜ. ಆದರೆ ಮಿತವ್ಯಯದ ಚರಿತ್ರೆಯ ಒಂದು ಮುಖ್ಯ ಪ್ರಶ್ನೆ ಇವುಗಳಲ್ಲೇ ಇದೆ: ಕೈ ಬಿಗಿಹಿಡಿಯಬೇಕಾದ ದಿನ ಬಂದಾಗ, ಮನೆಯವರು ಎಂದು ನಾವು ಯಾರನ್ನೆಲ್ಲ ಲೆಕ್ಕಕ್ಕೆ ಹಿಡಿಯುತ್ತೇವೆ?

ಲಂಡನ್ನಿಗೆ ಅಂಥ ದಿನ ಬಂದದ್ದು 1939ರಲ್ಲಿ. ವಾಯುದಾಳಿಯ ಕಾಲದಲ್ಲಿ ಪ್ರಾಣಿಗಳನ್ನು ನೋಡಿಕೊಳ್ಳುವುದಕ್ಕೆಂದು ಆಗ ಒಂದು ರಾಷ್ಟ್ರೀಯ ಸಮಿತಿ ರಚನೆಯಾಗಿತ್ತು. ಅದು ಹಂಚಿದ ಕರಪತ್ರದ ಸಲಹೆ ಇಷ್ಟು: ಆದರೆ ಸಾಕುಪ್ರಾಣಿಗಳನ್ನು ಮೊದಲೇ ಹಳ್ಳಿಗೆ ಸಾಗಿಸಿ, ನೋಡಿಕೊಳ್ಳುವವರು ಯಾರೂ ಸಿಗದಿದ್ದರೆ ಕೊಲ್ಲಿಸುವುದೇ ದಯೆ. ಸೆಪ್ಟೆಂಬರ್ 3ರಂದು ಯುದ್ಧ ಘೋಷಣೆಯಾಯಿತು. ಪಶುವೈದ್ಯರ ಬಾಗಿಲಲ್ಲಿ, ಪ್ರಾಣಿದಯಾ ಸಂಘಗಳ ಚಿಕಿತ್ಸಾಲಯಗಳಲ್ಲಿ ಬುಟ್ಟಿ ಹಿಡಿದವರು, ನಾಯಿಯ ಹಗ್ಗ ಹಿಡಿದವರು ಸಾಲುಗಟ್ಟಿದರು. ಆ ಒಂದು ವಾರದಲ್ಲಿ ಲಂಡನ್ನಿನಲ್ಲಿ ಸತ್ತ ಬೆಕ್ಕುನಾಯಿಗಳು ಸುಮಾರು 4 ಲಕ್ಷ ಎಂದು ಇತಿಹಾಸಕಾರ್ತಿ ಹಿಲ್ಡಾ ಕೀನ್ ಲೆಕ್ಕ ಕೊಡುತ್ತಾರೆ. ನಗರದಲ್ಲಿದ್ದ ಬೆಕ್ಕುನಾಯಿಗಳಲ್ಲಿ ಇದು ಹೆಚ್ಚುಕಡಿಮೆ ಕಾಲುಭಾಗ.

ಈ ಘಟನೆಯಲ್ಲಿ ದಿನಾಂಕಗಳನ್ನು ಗಮನಿಸಬೇಕು. ಕೊಲ್ಲಿ ಎಂದು ಸರ್ಕಾರ ಆಜ್ಞೆ ಹೊರಡಿಸಿರಲಿಲ್ಲ. ಲಂಡನ್ನಿನ ಮೇಲೆ ಎಡೆಬಿಡದ ಬಾಂಬ್ ದಾಳಿ ಶುರುವಾದದ್ದು ಒಂದು ವರ್ಷದ ಮೇಲೆ, 1940ರ ಸೆಪ್ಟೆಂಬರಿನಲ್ಲಿ. ರೇಷನ್ ಬಂದದ್ದು 1940ರ ಜನವರಿ 8ಕ್ಕೆ. ಆಗಲೂ ಮೊದಲಿಗೆ ಹಿಡಿತಕ್ಕೊಳಗಾದದ್ದು ಹಂದಿಮಾಂಸದ ಬೇಕನ್, ಬೆಣ್ಣೆ, ಸಕ್ಕರೆ ಮಾತ್ರ. ಅಂದರೆ ತಟ್ಟೆಯಲ್ಲಿ ಅನ್ನ ಕಡಿಮೆಯಾಗುವ ಮೊದಲೇ ತಟ್ಟೆಗಳ ಸಂಖ್ಯೆ ಕಡಿಮೆಯಾಗಿತ್ತು. ವಿಷಾನಿಲದ ಭಯ, ಬಿಟ್ಟು ಹೊರಡಬೇಕಾದ ಮನೆ, ಹಿಂದಿನ ಮಹಾಯುದ್ಧದ ಕೊರತೆಯ ನೆನಪು ಎಲ್ಲ ಸೇರಿ ಜನರನ್ನು ಆ ಸಾಲಿಗೆ ತಂದು ನಿಲ್ಲಿಸಿದ್ದವು. ಅವರನ್ನು ಕಟುಕರೆಂದು ಕರೆದುಬಿಡುವುದು ಸುಲಭ. ಬರಲಿರುವ ಕಷ್ಟವನ್ನು ಮುಂದಾಗಿ ಎಣಿಸುವ ಗೃಹಸ್ಥನ ಬುದ್ಧಿಯೇ ಆ ವಾರ ಅವರ ಕೈಯಲ್ಲಿ ಈ ಕೆಲಸ ಮಾಡಿಸಿತು ಎಂಬುದು ಅದಕ್ಕಿಂತ ಕಷ್ಟದ ಸತ್ಯ.

ಯುದ್ಧ ಮುಂದುವರಿದಂತೆ ಪ್ರಾಣಿಗಳಲ್ಲೂ ಅಂತಸ್ತುಗಳು ಹುಟ್ಟಿದವು. ಹಿತ್ತಲಲ್ಲಿ ಕೋಳಿ ಸಾಕುವವರು ತಮ್ಮ ಪಾಲಿನ ಮೊಟ್ಟೆ ಬಿಟ್ಟುಕೊಟ್ಟರೆ ಅದರ ಬದಲಿಗೆ ಕೋಳಿಯ ಆಹಾರ ಸಿಗುತ್ತಿತ್ತು. ಬೀದಿಬೀದಿಯಲ್ಲಿ ಇಟ್ಟ ಡಬ್ಬಗಳಲ್ಲಿ ಅಡುಗೆಮನೆಯ ಸಿಪ್ಪೆ, ಎಂಜಲು ಸಂಗ್ರಹವಾಗಿ ಬೆಂದು ಹಂದಿಗಳಿಗೆ ಹೋಗುತ್ತಿತ್ತು. ಆಹಾರದ ಉಗ್ರಾಣದಲ್ಲಿ ಇಲಿ ಹಿಡಿಯುವ ಬೆಕ್ಕಿಗೆ, ಮನುಷ್ಯರಿಗೆ ಒದಗದ ಹಾಲಿನ ಪುಡಿ ಕೊಡಲು ಒಪ್ಪಿಗೆಯಿತ್ತು. ಮನೆಯ ಸೋಫಾದ ಮೇಲೆ ಮಲಗುವ ಬೆಕ್ಕುನಾಯಿಗಳಿಗೆ ರೇಷನ್ ಪುಸ್ತಕವೇ ಇರಲಿಲ್ಲ. 1940ರಲ್ಲಿ ಆಹಾರ ಪೋಲು ಮಾಡುವುದು ಅಪರಾಧವಾಯಿತು. ಹಕ್ಕಿಗಳಿಗೆ ಬ್ರೆಡ್ ಹಾಕಿ ದಂಡ ತೆತ್ತವರೂ ಉಂಟು. 1868ರ ಷರತ್ತು ಈಗ ಇಡೀ ದೇಶದ ನಿಯಮ: ದುಡಿದರೆ ಪಾಲು.

ನಮ್ಮ ಕಡೆಯ ಮಿತವ್ಯಯ ಇದಕ್ಕಿಂತ ಮೃದು ಎಂದು ಹೇಳಿಕೊಳ್ಳುವ ಆಸೆಯಾಗುತ್ತದೆ. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಮಿಕ್ಕ ಗಂಜಿ ಎಲ್ಲ ಕಲಗಚ್ಚಿನ ಪಾತ್ರೆಗೆ ಬಿದ್ದು ಹಸುವಿಗೆ ಹೋಗುತ್ತಿತ್ತು. ಮುದ್ದೆಯ ಕೊನೆ ತುತ್ತು ನಾಯಿಗೆ. ಪ್ರಾಣಿ ಸಾಕಲು ತಿಂಗಳ ಖರ್ಚಿನಲ್ಲಿ ಬೇರೆ ಬಾಬತ್ತು ಬೇಕಿರಲಿಲ್ಲ. ಪ್ಯಾಕೆಟ್ ಆಹಾರ, ಲಸಿಕೆ, ಡಾಕ್ಟರ ಫೀಸು ಬಂದ ಮೇಲೆ ನಾಯಿ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲಾಯಿತು, ಸಾಲಾದದ್ದನ್ನು ಹೊಡೆದುಹಾಕಬಹುದು ಎಂಬ ಯೋಚನೆಯೂ ಜೊತೆಗೇ ಬಂತು. ಆದರೆ ಕಲಗಚ್ಚಿನ ಕಾಲದಲ್ಲೂ ಗೇಯಲಾರದ ಎತ್ತು ಸಂತೆಗೆ ಹೋಗುತ್ತಿತ್ತಲ್ಲ? ಷರತ್ತು ಇಲ್ಲೂ ಇತ್ತು, ಅದನ್ನು ಬರೆದಿಟ್ಟಿರಲಿಲ್ಲ ಅಷ್ಟೇ.

ಲಂಡನ್ನಿನಲ್ಲಿ ಪ್ರಾಣಿಗಳನ್ನು ಉಳಿಸಿಕೊಂಡವರೂ ಬಹಳ ಮಂದಿ. ನಾಲ್ಕರಲ್ಲಿ ಮೂರು ಭಾಗ ಆ ವಾರವನ್ನು ದಾಟಿದವು ಎಂಬುದನ್ನು ಮರೆಯಬಾರದು. ಅವುಗಳನ್ನು ಸಾಕಿದವರು ಕುದುರೆ ಮಾಂಸಕ್ಕೆ ಸಾಲಿನಲ್ಲಿ ನಿಂತರು, ತಮ್ಮ ಪಾಲಿನಲ್ಲೇ ಒಂದಿಷ್ಟು ಮುರಿದು ಕೊಟ್ಟರು. ರೇಷನ್ ಪೂರ್ತಿ ಮುಗಿದದ್ದು 1954ರ ಜುಲೈ 4ರಂದು. ಅಲ್ಲಿಯವರೆಗೆ ಹದಿನಾಲ್ಕು ವರ್ಷ ಆ ಮನೆಗಳು ಕಾನೂನು ಲೆಕ್ಕಕ್ಕೆ ಹಿಡಿಯದ ಒಂದು ಹೊಟ್ಟೆಯನ್ನೂ ಸೇರಿಸಿಕೊಂಡೇ ಮಿತವಾಗಿ ಬದುಕಿದವು. ಹಂದಿಯ ಎಂಜಲಿಗೆ, ಕೋಳಿಯ ಆಹಾರಕ್ಕೆ, ಉಗ್ರಾಣದ ಬೆಕ್ಕಿನ ಹಾಲಿಗೆ ಸರ್ಕಾರದ ಕಡತಗಳಲ್ಲಿ ಲೆಕ್ಕ ಸಿಗುತ್ತದೆ. ಮೇಜಿನ ಕೆಳಗೆ ಚಾಚಿದ ಕೈಗೆ ಯಾವ ಕಡತವೂ ಇಲ್ಲ. ಆದರೂ ಮಿತವ್ಯಯ ಎಂಬ ಪದಕ್ಕೆ ಅರ್ಥ ಹುಡುಕುವಾಗ ನಾನು ಆ ಕೈಯನ್ನೇ ಮೊದಲು ನೆನೆಯುತ್ತೇನೆ.