ದೋಣಿಯ ತೂಬು

ಬಿ.ಜಿ. ಕೆರೆಯ ಹೆಸರಿನಲ್ಲಿಯೇ ಕೆರೆಯುಂಟು. ಆದರೂ ಮೊಳಕಾಲ್ಮೂರು, ಚಳ್ಳಕೆರೆಗಳ ಈ ಬಯಲುಸೀಮೆಯವನಿಗೆ ಹಾಯಿದೋಣಿಯ ಮಾತು ದೂರದ ಮಾತೇ ಸರಿ. ಹೀಗಿರಲು, ಕರಾವಳಿಯಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಒಂದು ಕಾಗದ ಬರೆದ. ಹಳೆಯದೊಂದು ಸಣ್ಣ ಕ್ಯಾಟಮರಾನನ್ನು, ಎಂದರೆ ಜೋಡಿ ಒಡಲಿನ ಹಾಯಿದೋಣಿಯನ್ನು, ಆತ ದುರಸ್ತಿ ಮಾಡುತ್ತಿದ್ದಾನೆ. ಒಂದೊಂದು ಒಡಲಿನ ತಳದಲ್ಲಿಯೂ ಒಂದು ಸೀಳುಗಂಡಿ. ಅದರ ಮೇಲೆ ನಿಲ್ಲಿಸಿದ ಇಕ್ಕಟ್ಟಾದ ಪೆಟ್ಟಿಗೆ. ಅದರೊಳಗಿಂದ ನೀರಿಗೆ ಇಳಿಬಿಡುವ ಹಲಗೆ. “ಈ ಪೆಟ್ಟಿಗೆಗೆ ಕನ್ನಡದಲ್ಲಿ ಏನೆನ್ನಲಿ? ಇದರ ಬುಡವೇ ಸೋರುತ್ತಿದೆ” ಎಂದು ಕೇಳಿದ್ದ. “ತೂಬು ಎನ್ನಪ್ಪ” ಎಂದು ಬರೆದೆ. ತಮಾಷೆಗೆ ಬರೆದದ್ದು, ಯೋಚಿಸಿದಷ್ಟೂ ಸರಿಯೆಂದೇ ತೋರಿತು.

ಕ್ಯಾಟಮರಾನ್ ಎಂಬ ಮಾತು ನಮಗೆ ಪರಕೀಯವಲ್ಲ. ಅದು ತಮಿಳಿನ ‘ಕಟ್ಟುಮರಂ’. ಕಟ್ಟು, ಮರ ಎಂಬೆರಡೂ ಕನ್ನಡಿಗನಿಗೆ ಬಿಡಿಸದೆಯೇ ತಿಳಿಯುತ್ತವೆ. ಚೋಳಮಂಡಲ ತೀರದ ಈ ತೆಪ್ಪದ ಹೆಸರನ್ನು ಆಂಗ್ಲ ನಾವಿಕ ಡ್ಯಾಂಪಿಯರ್ 1697ರ ತನ್ನ ಪ್ರವಾಸಗ್ರಂಥದಲ್ಲಿ ಬರೆದಿದ್ದಾನೆ. ಮುಂದೆ ಆ ಹೆಸರು ಪಾಲಿನೇಷ್ಯದ ಮಾದರಿಯ ಜೋಡಿದೋಣಿಗೆ ಅಂಟಿಕೊಂಡಿತು. ಕಟ್ಟುಮರಕ್ಕೆ ಸೋರುವ ಭಯವಿಲ್ಲ. ದಿಮ್ಮಿಗಳ ನಡುವೆ ನೀರು ಬರಲಿ, ಹೋಗಲಿ. ಟೊಳ್ಳು ಒಡಲಿನ ದೋಣಿಗೆ ಆ ನಿಶ್ಚಿಂತೆಯಿಲ್ಲ.

ಹಾಗಾದರೆ ತಳವನ್ನು ಕೊರೆಯುವುದೇಕೆ? ಅಡ್ಡಗಾಳಿ ಬೀಸಿದಾಗ ಹಾಯಿದೋಣಿ ಪಕ್ಕಕ್ಕೆ ಜಾರುತ್ತದೆ. ನೀರಿನೊಳಗೆ ಹಲಗೆಯೊಂದು ನಿಂತರೆ ಆ ಜಾರಿಕೆ ತಗ್ಗುತ್ತದೆ. ನೀರು ತೆಳುವಾದಲ್ಲಿ ಹಲಗೆಯನ್ನು ಮೇಲೆಳೆಯಬಹುದು. ದಕ್ಷಿಣ ಅಮೆರಿಕದ ಪಡುತೀರದವರು ತೆಪ್ಪದ ದಿಮ್ಮಿಗಳ ನಡುವೆ ಇಂಥ ಹಲಗೆಗಳನ್ನು ಬಹು ಹಿಂದೆಯೇ ಇಳಿಸುತ್ತಿದ್ದರು. ಬ್ರಿಟಿಷ್ ನೌಕಾಧಿಕಾರಿ ಜಾನ್ ಶಾಂಕ್ 1774ರಲ್ಲಿ ಬಾಸ್ಟನ್ನಿನಲ್ಲಿ ಒಂದು ದೋಣಿಗೆ ಇದನ್ನು ಅಳವಡಿಸಿದ. ಅವನ ಕ್ರಮದಂತೆ ಮೂರು ಹಲಗೆಗಳನ್ನಿಟ್ಟು ಕಟ್ಟಿದ ‘ಲೇಡಿ ನೆಲ್ಸನ್’ ಎಂಬ ಪುಟ್ಟ ಹಡಗು 1800ರಲ್ಲಿ ಆಸ್ಟ್ರೇಲಿಯಕ್ಕೆ ಹೋಯಿತು. ತಿರುಗಣಿಯ ಮೇಲೆ ಏರಿಳಿಯುವ ಹಲಗೆಗೆ 1811ರಲ್ಲಿ ಅಮೆರಿಕದ ಸ್ವೇನ್ ಮನೆತನದವರು ಹಕ್ಕುಪತ್ರ ಪಡೆದರು.

ಹಲಗೆ ಬಂತು, ಅದರ ಬೆನ್ನಿಗೇ ಸೋರಿಕೆಯೂ ಬಂತು. ಸೋರುವುದು ಕಂಡಿಯಲ್ಲ, ಪೆಟ್ಟಿಗೆಯೂ ಅಲ್ಲ. ಪೆಟ್ಟಿಗೆ ತಳಕ್ಕೆ ಕೂಡುವ ಸಂದು. ಹಲಗೆಯ ಮೇಲಿನ ಒತ್ತಡವೆಲ್ಲ ಆ ಸಂದನ್ನೇ ಅಲುಗಿಸುತ್ತದೆ.

ನಮ್ಮ ತೂಬಿನ ಕಥೆಯೂ ಇದೇ ಅಲ್ಲವೆ? ಏರಿಯನ್ನು ಬೇಕೆಂದೇ ಸೀಳಿ ಕಲ್ಲಿನ ಕಂಡಿಯಿಡುತ್ತೇವೆ. ನೀರು ಕಂಡಿಯೊಳಗೆ ಹರಿದರೆ ಬೆಳೆ. ಕಲ್ಲಿನ ಹೊರಮೈ ಹಿಡಿದು ಹರಿದರೆ ಮಣ್ಣು ಕಣಕಣವಾಗಿ ಕೊಚ್ಚಿ, ಕೊನೆಗೆ ಏರಿಯೇ ಹೋಗುತ್ತದೆ. ಅದಕ್ಕೆಂದೇ ಕಲ್ಲಿನ ಸುತ್ತ ಜೇಡಿಮಣ್ಣನ್ನು ಕಲಸಿ, ತುಳಿದು, ಗಿಡಿಯುತ್ತಿದ್ದರು. ವಿಜಯನಗರದ ರಾಜಕುಮಾರ ಭಾಸ್ಕರನ 1369ರ ಪೋರುಮಾಮಿಳ್ಳ ಶಾಸನ ಕೆರೆಯ ಆರು ದೋಷಗಳನ್ನು ಎಣಿಸುತ್ತದೆ. ಅವುಗಳಲ್ಲಿ ಮೊದಲನೆಯದು ಏರಿ ಜಿನುಗುವುದು.

ನಾನು ಹುಡುಗನಾಗಿದ್ದಾಗ ನಮ್ಮ ಕೆರೆಯ ತೂಬಿನ ಬಳಿ ಏರಿಯ ಬುಡ ಒದ್ದೆಯಾಗಿತ್ತು. ಅಗೆದು ನೋಡಬೇಕೆಂದು ಮುದುಕರೊಬ್ಬರು ಹೇಳಿದರು. ಅಗೆಯುವುದು ದೊಡ್ಡ ಕೆಲಸ. ಹೊರಗೆ ಸಿಮೆಂಟು ಬಳಿದು ಮುಗಿಸಿದರು. ಒದ್ದೆ ಕಾಣದಾಯಿತು. ಮರುವರ್ಷದ ಮಳೆಗೆ ಏರಿ ಒಡೆದು, ನಮ್ಮ ಗದ್ದೆಯ ಮೇಲೆ ಮೊಳದುದ್ದ ಮರಳು ನಿಂತಿತು. ತಂದೆ ಆ ಗದ್ದೆಯನ್ನು ಮತ್ತೆ ಉಳಲಿಲ್ಲ.

ಇದನ್ನೇ ವಿದ್ಯಾರ್ಥಿಗೆ ಬರೆದೆ. ಹೊರಗಿನಿಂದ ಅಂಟು ಬಳಿಯಬೇಡ. ಪೆಟ್ಟಿಗೆಯನ್ನು ಬಿಚ್ಚು, ಕೊಳೆತ ಮರವನ್ನು ತೆಗೆ, ಒಣಗಲು ಬಿಡು. ಅಂಟು ಹಾಕದೆ ಒಮ್ಮೆ ಕೂರಿಸಿ ನೋಡು. ಎರಡು ಒಡಲಿನ ಹಲಗೆಗಳೂ ಒಂದಕ್ಕೊಂದು ಸಮಾನಾಂತರವಾಗಿ ನಿಲ್ಲಬೇಕು, ಇಲ್ಲವಾದರೆ ಜೋಡೆತ್ತು ಬೇರೆಬೇರೆ ದಿಕ್ಕಿಗೆ ಎಳೆದಂತಾದೀತು. ಆಮೇಲೆ ಸಂದನ್ನು ತುಂಬು. ಹಿಂದಿನವರು ಬಿಳಿಸೀಸದ ಬಣ್ಣದಲ್ಲಿ ನೆನೆಸಿದ ಬಟ್ಟೆ ಇಡುತ್ತಿದ್ದರು. ನಿನಗೆ ಎಪಾಕ್ಸಿ ಇದೆ. ಹಲಗೆ ಗಡಗಡಿಸದಂತೆ ಪೆಟ್ಟಿಗೆಯೊಳಗೆ ಎರಡು ಬದಿಗೂ ಪಟ್ಟಿ ಕೊಡು. ಆದರೆ ಮರ ಉಬ್ಬಿದರೆ ಸಿಕ್ಕಿಕೊಳ್ಳದಷ್ಟು ಸಡಿಲವಿರಲಿ.

ಮೊನ್ನೆ ಅವನ ಉತ್ತರ ಬಂತು. ಈ ವರ್ಷ ದೋಣಿ ನೀರಿಗಿಳಿಯುವುದಿಲ್ಲವಂತೆ, ಪೆಟ್ಟಿಗೆಯನ್ನು ಬಿಚ್ಚಿದ್ದಾನೆ. ನನಗೆ ಸಮಾಧಾನವಾಯಿತು.